ತರಗತಿಯೊಳಗಿನ ಚರಂಡಿ

ಇಸ್ತ್ರಿಯವಳ ಎಡಗೈ ತುಂಬ ಸುಟ್ಟ ಕಲೆ, ಉಗಿ ಬಡಿದದ್ದು. ಪಾಸ್‌ಪೋರ್ಟಿನಲ್ಲೂ ಒಂದು ಕಲೆಯಿತ್ತು: ವೀಸಾ ಮುಗಿದರೂ ಕೂಲಿಗೆ ಹೋದ ಹೊರದೇಶ ಬಿಡದೆ ಉಳಿದಿದ್ದಳು ಎಂಬ ಮೊಹರು. ಎರಡಕ್ಕೂ ಕಾರಣ ಅಲ್ಲಿನ ಲಾಂಡ್ರಿ ಮಾಲೀಕ. ಅವಳ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಕೇಳಿದಾಗಲೆಲ್ಲ ಇವತ್ತು ನಾಳೆ ಎಂದ. ವೀಸಾ ಮುಗಿದ ಮೇಲೆ, "ಹೊರಗೆ ಹೋದ್ರೆ ಪೊಲೀಸ್ನೋರು ಹಿಡೀತಾರೆ" ಎಂದು ಹೆದರಿಸಿ ಅರ್ಧ ಕೂಲಿಗೆ ದುಡಿಸಿದ. ಕೊನೆಗೆ ಪೊಲೀಸರು ಹಿಡಿದದ್ದು ಬೀಗ ಹಾಕಿದವನನ್ನಲ್ಲ, ಒಳಗೆ ಸಿಕ್ಕಿಕೊಂಡವಳನ್ನು. ಮೊಹರು ಒತ್ತಿ ಊರಿಗೆ ಅಟ್ಟಿದರು. ನ್ಯಾಯ ಅಂದರೆ ಇದಪ್ಪಾ!

ಆ ಲಾಂಡ್ರಿಯಲ್ಲಿ ಜೊತೆಯವಳೊಬ್ಬಳು ಉಗಿಯಲ್ಲಿ ಬೆಂದು ನರಳುವಾಗ ಇಸ್ತ್ರಿಯವಳಿಗೆ ಏನು ಮಾಡಬೇಕೆಂದೇ ತಿಳಿದಿರಲಿಲ್ಲ. ಅಂದಿನಿಂದ ನರ್ಸ್ ಆಗಬೇಕೆಂಬ ಹಟ. ಇಲ್ಲಿನ ನರ್ಸಿಂಗ್ ಕಾಲೇಜುಗಳಲ್ಲಿ ವಯಸ್ಸು ಮೀರಿತು ಎಂದರು. ಆ ದೇಶದಲ್ಲಿ ಸೇರಿಸಿಕೊಳ್ಳುತ್ತಾರಂತೆ. ಆದರೆ ಮೊಹರು ನೋಡಿದ ಏಜೆಂಟರೆಲ್ಲ ಪಾಸ್‌ಪೋರ್ಟನ್ನು ಹಿಂದಕ್ಕೆ ತಳ್ಳಿದ್ದರು.

ಈ ಏಜೆಂಟ್ ಮಾತ್ರ ಮೊಹರು ನೋಡಿ ನಕ್ಕ.

"ಇದಕ್ಕೇನಮ್ಮಾ ಇಷ್ಟು ಹೆದರೋದು? ಸ್ಟೂಡೆಂಟ್ ವೀಸಾ ಆಗುತ್ತೆ. ಅಲ್ಲಿನ ನರ್ಸಿಂಗ್ ಕಾಲೇಜಿನೋರಿಗೆ ಮೇಲಿನೋರೆಲ್ಲ ಗೊತ್ತು."

"ಹಿಂದೆ ಉಳ್ಕೊಂಡಿದ್ದನ್ನ ಹೇಳ್ಬೇಕಲ್ವಾ ಸಾರ್?"

"ಫಾರ್ಮಲ್ಲಿ ಇಲ್ಲ ಅಂತ ಬರೆದಿದ್ದೀನಿ. ನೀನು ಸೈನ್ ಹಾಕು ಸಾಕು."

"ಸುಳ್ಳು ಅಂತ ಗೊತ್ತಾದ್ರೆ?"

"ಕಾಲೇಜಿನೋರಿಗೆ ಗೊತ್ತಿರುತ್ತೆ. ಹೇಳಿದ ಹಾಗೆ ಕೇಳ್ಕೊಂಡಿದ್ರೆ ಅವರು ಯಾರಿಗೂ ಹೇಳಲ್ಲ."

ಜೊತೆಗೆ ಬಂದಿದ್ದ ಅಕ್ಕ, ಬಟ್ಟೆ ಹೊಲಿಯುವವಳು, ತಂಗಿಯ ತೊಡೆ ಚಿವುಟಿದಳು. "ಹಾಕೇ. ಮನೆ ಬಾಗಿಲಿಗೆ ಬಂದ ಭಾಗ್ಯಾನ ಯಾರಾದ್ರೂ ಒದೀತಾರಾ?"

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನಡೆಯುತ್ತಿತ್ತು ಎಲ್ಲ. ಇಸ್ತ್ರಿಯವಳಿಗೆ ಅನುಮಾನ ಬಂದದ್ದೇ ಅದಕ್ಕೆ. ಕಾಲೇಜಿನ ಫೋಟೋ ಕೇಳಿದಳು. ಏಜೆಂಟ್ ಹೊಳೆಯುವ ಹಾಳೆಯೊಂದನ್ನು ಕೊಟ್ಟ.

ಫೋಟೋದಲ್ಲಿ ಬೆಂಚುಗಳು, ಕರಿಹಲಗೆ, ನಗುವ ಮುಖಗಳು. ಬೆಂಚುಗಳ ನಡುವೆ ನೆಲದಲ್ಲಿ ಉದ್ದಕ್ಕೆ ಒಂದು ಚರಂಡಿ, ಮೇಲೆ ಕಬ್ಬಿಣದ ಜಾಲರಿ. ಪಾಠ ಹೇಳುವ ಕೋಣೆಗೆ ಚರಂಡಿ ಯಾಕೆ? ಜಾಲರಿಯ ಒಂದು ಮೂಲೆ ಮುರಿದಿತ್ತು. ಅದನ್ನು ಉಜ್ಜುವಾಗ ಅವಳ ಬೆರಳು ಎಷ್ಟು ಸಲ ಸೀಳಿತ್ತೋ. ಅದೇ ಲಾಂಡ್ರಿ. ಓದುವ ಆಸೆ ಅಲ್ಲೇ ಕುಸಿಯಿತು.

"ಒಂದ್ಸಲ ಸಿಕ್ಕಿಬಿದ್ದೋರನ್ನ ಯಾಕೆ ಸಾರ್ ಸೇರಿಸ್ಕೋತಾರೆ?"

"ಅಂಥೋರು ಬಾಯಿ ಬಿಡಲ್ಲ ನೋಡು, ಅದಕ್ಕೆ." ಏಜೆಂಟ್ ಅವಳ ಪಾಸ್‌ಪೋರ್ಟನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ. "ಹೊರಗೆ ಕೂತು ಯೋಚನೆ ಮಾಡು. ಸೈನ್ ಹಾಕೋವರೆಗೂ ಇದು ನನ್ನ ಹತ್ರಾನೇ ಇರ್ಲಿ."

ಆ ಬೀಗದ ಸದ್ದು ಅವಳಿಗೆ ಹಳೆಯ ಪರಿಚಯ.

ಹೊರಗೆ ಬೆಂಚಿನ ಮೇಲೆ ಜನ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವರ ಪಾಸ್‌ಪೋರ್ಟುಗಳೂ ಅದೇ ಡ್ರಾಯರಿನಲ್ಲಿದ್ದವು. ಇಸ್ತ್ರಿಯವಳು ಹಾಳೆಯನ್ನು ಅವರ ಮುಂದೆ ಹಿಡಿದಳು.

"ಈ ಕಾಲೇಜನ್ನ ಯಾರಾದ್ರೂ ನೋಡಿದ್ದೀರಾ?"

ನರೆಗೂದಲಿನವನೊಬ್ಬ ಹಾಳೆಯ ಹತ್ತಿರ ಬಗ್ಗಿದ. "ಆ ಕರಿಹಲಗೆ ಇದೆಯಲ್ಲ, ಅಲ್ಲಿ ದೊಡ್ಡ ಮಿಷನ್ನಿತ್ತು" ಎಂದ. ಪಕ್ಕದ ಹೆಂಗಸು ತೋಳು ಮಡಿಸಿ ತೋರಿಸಿದಳು. ಅದೇ ಕಲೆ.

ಒಳಗಿನಿಂದ ಏಜೆಂಟ್ ಕೂಗಿದ. "ಮುಂದಿನೋರು ಬನ್ನಿ! ಒಬ್ಬೊಬ್ರೇ ಬರ್ಬೇಕು!"

ಆ ಕಲೆಯನ್ನೂ ತಂಗಿಯ ಕೈಯನ್ನೂ ನೋಡಿ ಮೊದಲು ಎದ್ದವಳು ಅಕ್ಕ. "ಒಬ್ಬೊಬ್ರೇ ಹೋಗಿದ್ದಕ್ಕೇ ಅಲ್ವೇನ್ರೋ ಈ ಗತಿ?" ಎಂದಳು.

ಎಲ್ಲರೂ ಒಟ್ಟಿಗೆ ಒಳಗೆ ನಡೆದರು. ಬೆಂಚು ಖಾಲಿಯಾಯಿತು.