ಎರಡು ಎಡತೋಳು

ಸೀಮೆಸುಣ್ಣದ ಗೆರೆ ಮಖಮಲ್ಲಿನ ಮೇಲೆ ನಿಲ್ಲುವುದೇ ಇಲ್ಲ, ಎಳೆದ ಮರುಕ್ಷಣ ನವಿರಿನೊಳಗೆ ಇಳಿದುಬಿಡುತ್ತದೆ, ಉಜ್ಜಬಾರದು, ಊದಬಾರದು, ಉಸಿರು ಬಿಗಿಹಿಡಿದು ಕತ್ತರಿ ಓಡಿಸಬೇಕು — ಒಂಬತ್ತು ವರ್ಷ ಬರೀ ಗುಂಡಿ ಹಚ್ಚಿದ್ದಾಯಿತು, ಕಾಜಾ ಹೊಲಿದದ್ದಾಯಿತು, ಇವತ್ತು ಮೊದಲ ಸಲ ಅವಳು ಕತ್ತರಿಸುವ ಮೇಜಿನ ಮುಂದೆ ನಿಂತಿದ್ದಾಳೆ, ಇದೊಂದು ಕೋಟು ಕತ್ತರಿಸಮ್ಮ, ಸರಿ ಬಂದ್ರೆ ಸೋಮವಾರದಿಂದ ಮೇಜು ನಿಂದೇ, ನಾನು ಮನೇಲಿ ಕಾಲು ಚಾಚ್ಕೊಂಡು ಕೂತ್ಕೋತೀನಿ, ಎಂದಿದ್ದರು ಮಾಸ್ಟರು, ನಾಟಕದವರ ಕೋಟು, ಅವರೇ ತಂದುಕೊಟ್ಟ ಬಟ್ಟೆ, ಅಳತೆಗೆ ಸರಿಯಾಗಿ ಇದೆ, ಅಂಗೈಯಗಲವೂ ಹೆಚ್ಚಿಲ್ಲ. ಬೆನ್ನು ಆಯಿತು, ಎದೆ ಆಯಿತು, ಇನ್ನು ತೋಳು. ಜೇಬಿನಲ್ಲಿ ಫೋನು ನಡುಗಿತು. ಶಾಲೆಯದೇ, ಇನ್ಯಾರದು, ಈ ಹೊತ್ತಿನಲ್ಲಿ ಅವಳನ್ನು ನೆನೆಯುವವರು ಲೋಕದಲ್ಲಿ ಟೀಚರೊಬ್ಬರೇ, ಚೂಟಿ ಯಾರಿಗೋ ಕಚ್ಚಿರುತ್ತಾಳೆ, ಇಲ್ಲವೇ ಕುರ್ಚಿ ಎಸೆದಿರುತ್ತಾಳೆ — ಚೂಟಿ! ತೊಟ್ಟಿಲಲ್ಲೇ ಪಿಳಿಪಿಳಿ ನೋಡುತ್ತಿದ್ದಳೆಂದು ಅವಳಪ್ಪ ಇಟ್ಟ ಹೆಸರು, ಈಗ ಆ ಅಪ್ಪನಿಗೆ ಮಗಳು ಕಿರುಚತೊಡಗಿದರೆ ಅಂಗಡಿಗೆ ಹೋಗುವ ಕೆಲಸ ನೆನಪಾಗುತ್ತದೆ — ಎಡತೋಳಿನ ಗೆರೆ ಹಿಡಿದು ಕತ್ತರಿ ಹೊರಟಿತು, ಫೋನು ಸುಮ್ಮನಾಯಿತು.

ಬಟ್ಟೆ ಇಟ್ಟಲ್ಲಿ ಇರುತ್ತದೆ, ಅದಕ್ಕೇ ಅವಳಿಗೆ ಬಟ್ಟೆ ಇಷ್ಟ, ಒದೆಯುವುದಿಲ್ಲ, ಬೀದಿಯ ನಡುವೆ ಮಲಗಿ ಹೊರಳುವುದಿಲ್ಲ, ಬಸ್ಸಿನಲ್ಲಿ ನಲವತ್ತು ಜನ ತಿರುಗಿ ನೋಡಿ ಎಂಥಾ ತಾಯಿಯಪ್ಪ ಇವಳು ಎನ್ನುವ ಹಾಗೆ ಮಾಡುವುದಿಲ್ಲ, ಅಮ್ಮನಿಗೆ ಹೇಳಿದರೆ ಎರಡು ಬಿಗಿದ್ರೆ ಎಲ್ಲಾ ಸರಿಹೋಗುತ್ತೆ ಕಣೇ, ನೀನು ಸುಮ್ನೆ ಬೆಳೆದ್ಯಾ, ಗಂಡನಿಗೆ ಹೇಳಿದರೆ ಒಂದು ಮಗೂನ ಸಂಭಾಳಿಸೋಕಾಗಲ್ಲ, ಮಾಸ್ಟರಾಗ್ತಾಳಂತೆ, ಎರಡು ಬಿಗಿದೂ ನೋಡಿದ್ದಳಲ್ಲ, ಬಚ್ಚಲುಮನೆಗೆ ಹಾಕಿ ಚಿಲಕವನ್ನೂ ಹಾಕಿದ್ದಳು, ಹೊರಗೆ ಗೋಡೆಗೊರಗಿ ಕುಳಿತು ಆ ಹತ್ತು ನಿಮಿಷ ಹಾಯಾಗಿದ್ದಳು, ಹೌದು, ಹಾಯಾಗಿಯೇ, ಅದನ್ನು ಯಾರಿಗೂ ಹೇಳಿಲ್ಲ, ಶಾಲೆಯ ಆಪ್ತಸಲಹೆಗಾರ್ತಿಗೂ ಹೇಳಿಲ್ಲ, ಆಕೆ ಪಾಪ ಒಳ್ಳೆಯವರು, ಅವಳು ಹಠಮಾರಿ ಅಲ್ಲಮ್ಮ, ಬಾಯಲ್ಲಿ ಹೇಳೋಕೆ ಬರಲ್ಲ, ಮೈಯಲ್ಲಿ ಹೇಳ್ತಾಳೆ, ನೀವು ಸ್ವಲ್ಪ ಸಮಯ ಕೊಡಿ, ಎನ್ನುತ್ತಾರೆ — ಸಮಯ! ಅದೇನು ಗೂಟಕ್ಕೆ ನೇತುಹಾಕಿದೆಯೇ, ತೆಗೆದುಕೊಡಲು? ಮತ್ತೆ ಫೋನು, ಎತ್ತಿದರೆ ಹೋಗಬೇಕು, ಹೋದರೆ ಈ ಮೇಜು ಇನ್ನೊಬ್ಬರದು, ಒಂದೇ ಒಂದು ದಿನ, ದೇವರೇ, ಒಂದೇ ಒಂದು ದಿನ ಇವಳು ಬೇರೆ ಯಾರದಾದರೂ ಮಗಳಾಗಿರಲಿ — ರಟ್ಟಿನಲ್ಲಿ ಕತ್ತರಿಸಿಟ್ಟ ತೋಳಿನ ಅಚ್ಚನ್ನು ಬಟ್ಟೆಯ ಮೇಲಿಟ್ಟಳು, ಸೀಮೆಸುಣ್ಣ ಎಳೆದಳು, ಫೋನು ಮೂರನೆಯ ಸಲ ನಡುಗಿದಾಗ ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ, ಕತ್ತರಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು, ಅಷ್ಟು ಚೆನ್ನಾಗಿ ಅವಳ ಕೈ ಎಂದೂ ನಡೆದಿರಲಿಲ್ಲ.

ಮಾಸ್ಟರು ಎರಡೂ ತೋಳುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು, ಎರಡೂ ಎಡಗೈದೇ ಅಲ್ವೇನಮ್ಮ, ಎಂದರು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು — ರಟ್ಟನ್ನು ಮಗುಚಿ ಇಡಬೇಕಿತ್ತು, ಮೊದಲ ವಾರ ಕಲಿಯುವ ಪಾಠ, ಎರಡನೆಯ ತೋಳಿಗೆ ರಟ್ಟು ಮಗುಚು, ಮಖಮಲ್ಲಿಗೆ ನವಿರು ಒಂದೇ ಮಗ್ಗುಲಿಗೆ, ಹಿಂದುಮುಂದು ಮಾಡಿ ಹೊಲಿಯಲು ಬರುವುದಿಲ್ಲ — ನಾನೂ ಒಂದ್ಸಲ ಹಿಂಗೇ ಮಾಡಿದ್ದೆ, ಆದ್ರೆ ಆಗ ನನಗೆ ಹದಿನಾರು ವರ್ಷ, ಹೋಗಮ್ಮ, ಮೊದ್ಲು ಮನೆ ಕಡೆ ನೋಡ್ಕೋ, ಎಂದು ಅವಳ ಕೈಯಿಂದ ಕತ್ತರಿ ತೆಗೆದುಕೊಂಡು ಮೊಳೆಗೆ ನೇತುಹಾಕಿದರು. ಮೆಟ್ಟಿಲ ಮೇಲೆ ನಿಂತು ಅವಳೇ ಫೋನು ಮಾಡಿದಳು, ಮತ್ತೆ ಕಚ್ಚಿದಾಳೆ, ಬೇಗ ಬನ್ನಿ, ಎಂದರು ಟೀಚರು, ಯಾರಿಗೆ ಎಂದು ಕೇಳಲು ಧೈರ್ಯ ಬರಲಿಲ್ಲ, ಕಾಲುಗಳು ತಾವಾಗಿಯೇ ನಡೆಯುತ್ತಿವೆ, ಯಾವ ಮಗುವಿನ ಅಪ್ಪ ಇವತ್ತು ಕೂಗಾಡುತ್ತಾನೋ, ಯಾರ ಮುಂದೆ ಕೈಮುಗಿಯಬೇಕೋ, ಮೇಜೂ ಹೋಯಿತು, ಮಗಳೂ ದಕ್ಕಲಿಲ್ಲ, ಎರಡಕ್ಕೂ ಸಲ್ಲಲಿಲ್ಲ.

ಕೂಗಾಡುವವರು ಯಾರೂ ಇರಲಿಲ್ಲ. ಆಫೀಸಿನ ಬೆಂಚಿನ ಮೇಲೆ ಚೂಟಿಯೊಬ್ಬಳೇ, ಕಾಲು ಆಡಿಸದೆ ಕೂತಿದ್ದಾಳೆ, ಬೆಳಿಗ್ಗೆಯಿಂದ ಅಮ್ಮ ಬೇಕು ಅಂತಿದ್ಲು, ಗಲಾಟೆ ಏನೂ ಇಲ್ಲ, ಸ್ವಲ್ಪ ಮೈ ಬಿಸಿ ಇತ್ತು ಅಷ್ಟೇ, ಅದಕ್ಕೇ ಫೋನ್ ಮಾಡ್ದೆ, ಟೀಚರು ಅವಳ ಮುಖ ನೋಡದೆ ಹೇಳುತ್ತಿದ್ದಾರೆ, ಮೂರ್ನೇ ಸಲಾನೂ ನೀವು ಎತ್ತಲಿಲ್ಲ, ಅಮ್ಮ ಎತ್ತುತ್ತಾ ಇಲ್ಲ ಪುಟ್ಟಾ ಅಂದೆ ನೋಡಿ — ಅವಳು ಮಂಡಿಯೂರಿ ಮಗಳ ಅಂಗಿಯ ತೋಳು ಮೇಲೆ ಸರಿಸಿದಳು, ಕಚ್ಚಿದ ಗುರುತು, ಕೆಂಪಗೆ, ಆಳವಾಗಿ, ಯಾರು ಕಚ್ಚಿದ್ದು ಎಂದು ಬಾಯಿ ತೆರೆದವಳು ಬಗ್ಗಿ ಆ ಗುರುತನ್ನೇ ನೋಡಿದಳು, ಕೆಳಗಿನ ಸಾಲು ಪೂರ್ತಿ ಇದೆ, ಮೇಲಿನ ಸಾಲಿನಲ್ಲಿ ನಡುವೆ ಒಂದು ಹಲ್ಲಿನ ಜಾಗ ಖಾಲಿ, ಹೋದ ವಾರ ಬಿದ್ದ ಚೂಟಿಯದೇ ಹಾಲುಹಲ್ಲು, ತಾನೇ ಕಾಗದದಲ್ಲಿ ಸುತ್ತಿ ಎತ್ತಿಟ್ಟದ್ದು, ಸುತ್ತಲೂ ಅಷ್ಟು ಕೆಂಪು, ನಡುವೆ ಅಷ್ಟಗಲ ಏನೂ ಆಗದ ಚರ್ಮ, ಖಾಲಿ, ಟೀಚರು ಇನ್ನೂ ಏನೋ ಹೇಳುತ್ತಿದ್ದಾರೆ, ಆ ಖಾಲಿ ಜಾಗ, ಒಂದು ಹಲ್ಲಿನಗಲ, ಆ ಖಾಲಿ ಜಾಗ