ಸಾರಿದವನು ನಿಲ್ಲಬೇಕು

ನಿಮ್ಮ ಊರಿಗೂ ಕಸದ ಗಾಡಿ ಬರುತ್ತದೆ ತಾನೆ? ಬೆಳಿಗ್ಗೆ ಹಾಡು ಹಾಕಿಕೊಂಡು, ನಡುನಡುವೆ ಹಸಿ ಕಸ ಬೇರೆ ಒಣ ಕಸ ಬೇರೆ ಎಂದು ಹೇಳಿಕೊಂಡು ಬರುತ್ತದಲ್ಲ, ಅದೇ ಗಾಡಿ. ಗಂಗಾವತಿಯಿಂದ ಹೇಮಗುಡ್ಡದ ಕಡೆ ಹೋಗುವ ದಾರಿಯಲ್ಲಿ ಒಂದು ಊರಿದೆ. ಆ ಊರಿನ ಕಸದ ಗಾಡಿಯಲ್ಲಿ ಮಾತಾಡುವ ದನಿ ಹುಚ್ಚೀರಪ್ಪನದು.

ಹುಚ್ಚೀರಪ್ಪ ನಲವತ್ತು ವರ್ಷ ಹಲಗಿ ಬಾರಿಸಿ ಡಂಗುರ ಸಾರಿದವನು. ನಲ್ಲಿ ನೀರು ಯಾವಾಗ, ರೇಷನ್ ಯಾವಾಗ, ಪೋಲಿಯೋ ಹನಿ ಯಾವಾಗ ಎಂಬುದು ಊರಿಗೆ ತಿಳಿಯುತ್ತಿದ್ದದ್ದು ಅವನ ಬಾಯಿಂದಲೇ. ಹೋದ ವರ್ಷ ಪಂಚಾಯಿತಿಯವರು ಅವನನ್ನು ಕರೆಸಿ, ಒಂದು ತಾಸು ಮಾತಾಡಿಸಿ, ದನಿ ತುಂಬಿಕೊಂಡು ಗಾಡಿಗೆ ಹಾಕಿದರು. ಅಂದು ಅವನು ಹೊಸ ರುಮಾಲು ಸುತ್ತಿಕೊಂಡು ಹೋಗಿದ್ದ. ದನಿ ತುಂಬಿಕೊಳ್ಳುವ ಯಂತ್ರಕ್ಕೆ ರುಮಾಲು ಕಾಣುತ್ತದೇನು ಎಂದು ಹೆಂಡತಿ ಮುದಕಮ್ಮ ವಾರಗಟ್ಟಲೆ ನಕ್ಕಿದ್ದಳು.

ಈ ಸಲದ ಪಂಚಾಯಿತಿ ಚುನಾವಣೆಯ ಹಿಂದಿನ ದಿನ ಅವಳ ಮುಖದಲ್ಲಿ ನಗು ಇರಲಿಲ್ಲ. ಮಧ್ಯಾಹ್ನ ಗಂಡನ ಗಂಗಾಳಕ್ಕೆ ರೊಟ್ಟಿ ಹಾಕುತ್ತ ಕೇಳಿದಳು.

"ನಾಳಿ ವೋಟ್ ಇಲ್ಲಂತ ಸಾರೀರಂತಲ್ಲ. ಮನ್ಯಾಗಿನವರಿಗೆ ಒಂದು ಮಾತು ಹೇಳಬಾರದೇನು?"

"ನಾ ಎಲ್ಲಿ ಸಾರೀನಿ? ಮುಂಜಾನಿಂದ ಹಲಗಿ ಗೂಟದ ಮ್ಯಾಲ ಐತಿ, ನೋಡು."

ಮುದಕಮ್ಮ ಫೋನು ತಂದು ಒತ್ತಿದಳು. ಒಳಗಿನಿಂದ ಅವನದೇ ದನಿ ಬಂತು. "ಕೇಳ್ರಪ್ಪೋ ಕೇಳ್ರಿ. ಮೂರನೇ ವಾರ್ಡಿನ ಮತದಾನ ನಾಳಿ ಇಲ್ಲ. ಗುರುವಾರಕ್ಕ ಹೋಗೈತಿ. ನಾಟಿ ಕೆಲಸಕ್ಕ ಹೋಗೋರು ಹೋಗ್ರಿ."

ತುತ್ತು ಕೈಯಲ್ಲೇ ಉಳಿಯಿತು. ಕೊನೆಗೆ 'ರಿ' ಎಂದು ಎಳೆಯುವ ರೀತಿ ಕೂಡ ಅವನದೇ. ನಾನೇ ಸಾರಿ ಮರೆತೆನೇ ಎಂದು ಅವನಿಗೇ ಒಂದು ಗಳಿಗೆ ಅನುಮಾನ ಬಂತು.

ಮೂರನೇ ವಾರ್ಡೆಂದರೆ ಅವನದೇ ಓಣಿ. ಅಲ್ಲಿಯ ಹೆಣ್ಣುಮಕ್ಕಳು ನಸುಕಿನಲ್ಲೇ ಟಂಟಂ ಆಟೋ ಹತ್ತಿ ಕಾಲುವೆ ಕೆಳಗಿನ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುತ್ತಾರೆ, ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುತ್ತಾರೆ. ಹೋದ ಸಲ ಆ ವಾರ್ಡಿನ ಫಲಿತಾಂಶ ನಿಂತದ್ದು ಹನ್ನೊಂದು ವೋಟಿನ ಅಂತರದ ಮೇಲೆ. ಒಂದು ಟಂಟಂ ತುಂಬ ಹೆಣ್ಣುಮಕ್ಕಳು ವೋಟು ಹಾಕದೆ ಹೋದರೆ ಯಾರಿಗೋ ಲಾಭ. ಆ ಯಾರೋ ಇವನ ಬಾಯನ್ನೇ ಕದ್ದಿದ್ದರು.

ಊಟ ಬಿಟ್ಟು ಎದ್ದವನು ನೇರ ಪಂಚಾಯಿತಿ ಗ್ರಂಥಾಲಯಕ್ಕೆ ಹೋದ. ಅಲ್ಲಿ ಮೇಲ್ವಿಚಾರಕಿ ನೇತ್ರಾವತಿ ಇದ್ದಳು. ಟಂಟಂ ಓಡಿಸುವ ಗೋವಿಂದರಾಜ ಪೇಪರು ಓದುತ್ತ ಕೂತಿದ್ದ. ನೇತ್ರಾವತಿ ಆ ದನಿಯನ್ನು ಎರಡು ಸಲ ಕೇಳಿದಳು.

"ಇದು ಯಂತ್ರ ಮಾಡಿದ ದನಿ, ಕಾಕಾ. ಕಸದ ಗಾಡಿ ಹಿಂದ ನಿಂತು ಐದು ನಿಮಿಷ ತುಂಬಿಕೊಂಡ್ರ ಸಾಕು. ಆಮ್ಯಾಲ ನಿಮ್ಮ ದನಿಲೆ ಏನು ಬೇಕಾದ್ದು ಹೇಳಸ್ತಾರ."

ಅವಳು ಸುಮ್ಮನೆ ಕೂರಲಿಲ್ಲ. ಮೊದಲು ಚುನಾವಣಾಧಿಕಾರಿಗೆ ಫೋನು ಮಾಡಿದಳು. ಮತದಾನ ನಾಳೆಯೇ, ಏಳರಿಂದ ಐದರ ತನಕ, ಶಾಲೆಯಲ್ಲೇ ಎಂದರು ಅವರು. ಸಹಿ, ಸೀಲು ಹಾಕಿದ ಪ್ರಕಟಣೆ ಕಳಿಸುವುದಾಗಿಯೂ ಹೇಳಿದರು. ಪೊಲೀಸರಿಗೆ ದೂರು ಬರೆದಳು. ಸುಳ್ಳು ದನಿ ಮೊದಲು ಬಂದದ್ದು ಒಂದು ವಿಡಿಯೋ ಆ್ಯಪಿನ, ಹೆಸರಿಲ್ಲದವರ ಪುಟದಲ್ಲಿ. ಆ ಆ್ಯಪಿನವರಿಗೂ ದೂರು ಹಾಕಿದಳು. ಕೊನೆಗೆ ಹುಚ್ಚೀರಪ್ಪನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, 'ಅದು ನನ್ನ ಮಾತಲ್ಲ, ವೋಟು ನಾಳಿಗೇ ಐತಿ' ಎಂದು ಹೇಳಿಸಿ ಅದೇ ಆ್ಯಪಿಗೆ ಹಾಕಿದಳು.

ಅರ್ಧ ತಾಸಿನಲ್ಲಿ ಉತ್ತರ ಬಂತು. ಓದಿದ ನೇತ್ರಾವತಿಯ ಮುಖ ಕಪ್ಪಿಟ್ಟಿತು.

"ಏನಂತ, ತಂಗಿ?"

"ನಿಮ್ಮ ವಿಡಿಯೋ ತಗದ್ರಂತ, ಕಾಕಾ. ನಿಯಮಕ್ಕ ವಿರುದ್ಧ ಐತಂತ. ಯಾರೋ ಹತ್ತಿಪ್ಪತ್ತು ಮಂದಿ ಕೂಡಿ ನಿಮ್ಮ ಮ್ಯಾಲ ದೂರು ಹಾಕಿರಬೇಕು."

"ಸುಳ್ಳು?"

"ಅದು ಹಂಗ ಐತಿ. ನೋಡತೀವಿ ಅಂದಾರ."

ಹುಚ್ಚೀರಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಯಾವ ನಿಯಮ ಮುರದೀನಿ ಅಂತ ಕೇಳು. ಯಾರ ಮುಂದ ನಿಂತು ಜವಾಬು ಕೊಡಬೇಕು ಅಂತ ಕೇಳು."

"ಅದನ್ನ ಬರದಿಲ್ಲ, ಕಾಕಾ. ಇದ ಜಗಳ ಯುರೋಪಿನ್ಯಾಗೂ ನಡದೈತಿ. ಅಲ್ಲಿ ಇಪ್ಪತ್ತೇಳು ದೇಶ ಕೂಡಿ ಒಂದು ಕಾನೂನು ಮಾಡ್ಯಾವ. ಆ್ಯಪಿನವರು ಒಬ್ಬರ ಮಾತು ತಗದ್ರ, ಯಾಕ ತಗದ್ವಿ ಅಂತ ಅವರಿಗೆ ತಿಳಿಸಬೇಕು. ಒಪ್ಪದಿದ್ರ ಅವರು ತಿರುಗಿ ಕೇಳಬಹುದು. ನಮ್ಮ ಆ್ಯಪಿನಿಂದ ಚುನಾವಣಿಗೆ ಏನರ ಧಕ್ಕಿ ಆಕ್ಕೈತೇನು ಅಂತ ದೊಡ್ಡ ಕಂಪನಿಗಳು ಮೊದಲ ನೋಡಿ, ಅದನ್ನ ತಡಿಯೋ ದಾರಿ ಮಾಡಬೇಕು. ಮಾಡದಿದ್ರ ಭಾರಿ ದಂಡ."

ಗೋವಿಂದರಾಜ ಪೇಪರು ಮಡಚಿದ. "ಅಂದ್ರ ಸರಕಾರದ ಕೈಯಾಗ ಬೀಗ ಕೊಟ್ಟಂಗ ಆತಲ್ಲರಿ. ನಾಳಿ ನಾ ನಲ್ಲ್ಯಾಗ ನೀರು ಬಂದಿಲ್ಲಂತ ಹಾಕ್ತೀನಿ. ಅದೂ ಸುಳ್ಳಂತ ತಗಸ್ತಾರ. ಇಂಥಾ ಬೀಗ ನಮ್ಮಂಥವರ ಬಾಯಿಗೆ ಮೊದಲ ಬೀಳ್ತಾವ."

ಗೋವಿಂದರಾಜನ ಮಾತು ತೆಗೆದುಹಾಕುವಂಥದ್ದಲ್ಲ. ನೇತ್ರಾವತಿಯೂ ತೆಗೆದುಹಾಕಲಿಲ್ಲ.

"ಆ ಅಂಜಿಕಿ ಅಲ್ಲಿಯವರಿಗೂ ಐತ್ರಿ. ರೊಮೇನಿಯಾ ಅಂತ ಒಂದು ದೇಶ. ಎರಡು ಸಾವಿರದ ಇಪ್ಪತ್ನಾಲ್ಕರಾಗ ಅಲ್ಲಿ ರಾಷ್ಟ್ರಪತಿ ಚುನಾವಣಿ ಮೊದಲನೇ ಸುತ್ತು ಮುಗದಿತ್ತು. ಆ್ಯಪಿನ ಪ್ರಚಾರದಾಗ ಮೋಸ ಆಗೈತಿ ಅಂತ ಕೋರ್ಟಿನವರು ಇಡೀ ಚುನಾವಣಿನ ರದ್ದು ಮಾಡಿದ್ರು. ಮುಂದಿನ ವರ್ಷ ಜನ ಮತ್ತ ಹೋಗಿ ವೋಟು ಹಾಕಿದ್ರು. ಕೆಲವರು ಪ್ರಜಾಪ್ರಭುತ್ವ ಉಳೀತು ಅಂದ್ರು. ಕೆಲವರು ನಾವು ಹಾಕಿದ ವೋಟು ಕಸಗೊಂಡ್ರು ಅಂದ್ರು. ಇನ್ನೂ ಬಡದಾಡಾಕ ಹತ್ಯಾರ."

"ಮತ್ತ ಯಾವುದು ಖರೇ?" ಎಂದ ಗೋವಿಂದರಾಜ.

"ಬಿಟ್ಟುಬಿಟ್ರ ಕಾಕಾನ ದನಿ ಕದಿಯೋರು ಗೆಲ್ತಾರ. ಬರೇ ತಗಿಯೋ ಅಧಿಕಾರ ಕೊಟ್ರ ಕಾಕಾನ ಖರೇ ಮಾತ ಹೋಕ್ಕೈತಿ, ಈಗ ನೋಡಿದ್ರೆಲ್ಲ. ಅದಕ್ಕ ಹಾಕಿದವನ್ನೂ ಯಾಕ ಅಂತ ಕೇಳಬೇಕು, ತಗದವನ್ನೂ ಯಾಕ ಅಂತ ಕೇಳಬೇಕು. ನಮ್ಮ ದೇಶದಾಗೂ ಆ್ಯಪಿನವರು ಕುಂದುಕೊರತೆ ಅಧಿಕಾರಿನ ಇಡಬೇಕಂತ ನಿಯಮ ಐತಿ. ಅವರಿಗೂ ಬರದೀನಿ. ಆದ್ರ ಜವಾಬು ಬರೋದರಾಗ ವೋಟು ಮುಗದಿರ್ತೈತಿ."

ಹುಚ್ಚೀರಪ್ಪ ಬಾಗಿಲ ಕಡೆ ನೋಡುತ್ತಿದ್ದ. ಅವನಿಗೆ ಅಪ್ಪ ನೆನಪಾಗಿದ್ದ. ಮೊದಲ ದಿನ ಹಲಗಿ ಕೈಗೆ ಕೊಡುವಾಗ ಅಪ್ಪ ಕಲಿಸಿದ್ದು ಇಷ್ಟು: ಮೊದಲು ಯಾರ ಅಪ್ಪಣೆ ಎಂದು ಹೇಳು. ಆಮೇಲೆ ಸುದ್ದಿ ಹೇಳು. ಸಾರಿದ ಕೂಡಲೇ ಓಡಬೇಡ, ನಿಲ್ಲು. ಯಾರಾದರೂ ಏನಾದರೂ ಕೇಳಿದರೆ ಜವಾಬು ಕೊಟ್ಟು ಮುಂದಿನ ಓಣಿಗೆ ಹೋಗು. ನಲವತ್ತು ವರ್ಷ ಅವನು ಪ್ರತಿ ಕಟ್ಟೆಯ ಮುಂದೆ ಹಾಗೆ ನಿಂತಿದ್ದ.

"ತಂಗಿ, ನಿನ್ನ ಯುರೋಪಿನವರು ಈಗ ಮಾಡಾಕ ಹತ್ತಿದ್ದು ನಮ್ಮಪ್ಪನ ಕಾನೂನ ಐತಿ," ಎಂದ. "ಆ ಪ್ರಕಟಣೆ ಬಂದ ಕೂಡಲೆ ನನ್ನ ಕೈಗೆ ಕೊಡು."

ಪ್ರಕಟಣೆ ಕೈಗೆ ಬರುವ ಹೊತ್ತಿಗೆ ಐದು ದಾಟಿತ್ತು. ಹುಚ್ಚೀರಪ್ಪ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ಹಲಗಿ ಕಾಯಿಸಿದ. ಅದರ ನಾದ ಬಿಗಿಯಾಯಿತು. ಮೂರನೇ ವಾರ್ಡಿನ ಕಟ್ಟೆಯ ಹತ್ತಿರ ಬಂದಾಗ ಹೆಣ್ಣುಮಕ್ಕಳು ಟಂಟಂನಿಂದ ಇಳಿಯುತ್ತಿದ್ದರು. ಕಾಲಿಗೆ ಇನ್ನೂ ಗದ್ದೆಯ ಕೆಸರಿತ್ತು. ಮುಂದೆ ಉಡಚಮ್ಮ ಇದ್ದಳು. ನಾಟಿಗೆ ಆಳು ಕೂಡಿಸುವವಳು ಅವಳೇ. ಅವಳು ಹೂಂ ಅಂದರೆ ಓಣಿಯೇ ಹೂಂ ಅನ್ನುತ್ತದೆ.

ಅವನು ಬಾರಿಸಿ, ಚುನಾವಣಾಧಿಕಾರಿಗಳ ಅಪ್ಪಣೆ ಎಂದು ಹೇಳಿ, ವೋಟು ನಾಳೆಯೇ ಎಂದು ಸಾರಿದ. ಉಡಚಮ್ಮ ಸೊಂಟದ ಮೇಲೆ ಕೈ ಇಟ್ಟಳು.

"ಮಧ್ಯಾಹ್ನ ಒಂದು ಸಾರ್ತಿ, ಸಂಜಿಮುಂದ ಒಂದು ಸಾರ್ತಿ. ಯಾವುದನ್ನ ನಂಬೂಣು, ಮಾವ? ನಾಳಿಗೆ ಇಪ್ಪತ್ತೆಂಟು ಆಳು ಬರ್ತೀವಂತ ಗದ್ದಿಯವರಿಗೆ ಮಾತು ಕೊಟ್ಟೀನಿ."

ಹಿಂದೆ ಯಾರೋ, ಯಾರ ಹತ್ತಿರ ಏನು ಇಸಗೊಂಡು ಮಾತು ತಿರುಗಿಸ್ಯಾನೋ ಎಂದರು. ಇನ್ಯಾರೋ ನಕ್ಕರು. ಹುಚ್ಚೀರಪ್ಪನಿಗೆ ಕಣ್ಣು ಹನಿಗೂಡಿತು. ಈ ಓಣಿಯಲ್ಲಿ ಅವನನ್ನು ಸುಳ್ಳ ಎಂದವರು ಇಂದಿನ ತನಕ ಇರಲಿಲ್ಲ. ಹಲಗಿ ಅಲ್ಲೇ ಇಟ್ಟು ಮನೆಗೆ ಹೋಗಿಬಿಡೋಣ ಅನಿಸಿತು. ಆದರೂ ನಿಂತ.

"ಅದು ನನ್ನ ದನಿ ಕದ್ದು ಮಾಡಿದ್ದು, ಉಡಚವ್ವ."

"ಹಂಗ ಫೋನಿನ್ಯಾಗಿನವನೂ ಹೇಳಬಹುದು. ದನಿ ಒಂದ ಐತಿ. ನನಗ ಹೆಂಗ ತಿಳೀಬೇಕು?"

"ಇಬ್ಬರನ್ನೂ ಕೇಳು. ಮೊದಲ ಅವನ್ನ ಕೇಳು. ಯಾರ ಅಪ್ಪಣಿ ಅಂತ ಕೇಳು."

ಉಡಚಮ್ಮ ಫೋನು ತೆಗೆದು ಒತ್ತಿದಳು. ದನಿ ಹೇಳಿದ್ದನ್ನೇ ಹೇಳಿ ಮುಗಿಯಿತು. ಮತ್ತೆ ಒತ್ತಿದಳು. ಮತ್ತೆ ಅದೇ. ಕೇಳ್ರಪ್ಪೋ ಎಂದಿತೇ ಹೊರತು ಯಾರ ಅಪ್ಪಣೆ ಎಂದು ಎಲ್ಲೂ ಇರಲಿಲ್ಲ. ಹುಚ್ಚೀರಪ್ಪ ಅಪ್ಪಣೆ ಹೇಳದೆ ಎಂದೂ ಬಾಯಿ ತೆರೆದವನಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಈಗ ನನ್ನ ಕೇಳು," ಎಂದ.

"ಯಾರ ಅಪ್ಪಣಿ?"

ಅವನು ಕಾಗದ ಬಿಚ್ಚಿ ಅವಳ ಕೈಗೆ ಕೊಟ್ಟ. ಜೊತೆಗೆ ಬಂದಿದ್ದ ನೇತ್ರಾವತಿ ಅದನ್ನು ಗಟ್ಟಿಯಾಗಿ ಓದಿ, ಕೆಳಗಿದ್ದ ಫೋನ್ ನಂಬರನ್ನು ತೋರಿಸಿದಳು. ಉಡಚಮ್ಮ ಬಿಟ್ಟಳೇನು? ತಾನೇ ಆ ನಂಬರಿಗೆ ಫೋನು ಹಚ್ಚಿ ಕೇಳಿದಳು. ವೋಟು ನಾಳೆಯೇ ಎಂಬ ಉತ್ತರ ಕೇಳಿ ಫೋನಿಟ್ಟ ಮೇಲೂ ಅವಳ ಹುಬ್ಬಿನ ಗಂಟು ಸಡಿಲಲಿಲ್ಲ.

"ನಾಳಿ ಸಾಲಿಗೆ ಹೋದ ಮ್ಯಾಲ ಸುಳ್ಳು ಅಂತ ಆದ್ರ? ಕೂಲಿನೂ ಹೋತು, ಗದ್ದಿಯವರ ಮುಂದ ಮಾತೂ ಹೋತು."

"ನಸುಕಿನಿಂದ ಈ ಕಟ್ಟಿ ಮ್ಯಾಲ ಇರ್ತೀನಿ. ವೋಟು ಮುಗಿಯೋ ತನಕ ಸರಿಯೂದಿಲ್ಲ. ಸುಳ್ಳಾದ್ರ ಬಂದು ಈ ಹಲಗಿ ನಿನ್ನ ಒಲಿಗೆ ಹಾಕು."

"ನೋಡೂಣು," ಎಂದಳು ಉಡಚಮ್ಮ. ಹೂಂ ಅನ್ನಲಿಲ್ಲ.

ಮರುದಿನ ನಸುಕಿನಲ್ಲೇ ಹುಚ್ಚೀರಪ್ಪ ಕಟ್ಟೆಯ ಮೇಲಿದ್ದ. ಆರೂವರೆಗೆ ಗೋವಿಂದರಾಜನ ಟಂಟಂ ಬಂದು ಹಾರ್ನ್ ಹೊಡೆಯಿತು. ಒಬ್ಬೊಬ್ಬರೇ ಹೆಣ್ಣುಮಕ್ಕಳು ಬುತ್ತಿ ಗಂಟು ಹಿಡಿದು ಬಂದರು. ಅವನ ಮುಖ ಯಾರೂ ನೋಡಲಿಲ್ಲ. ಉಡಚಮ್ಮ ಬಂದಳು, ತನ್ನ ಗಂಟನ್ನು ಟಂಟಂ ಒಳಗಿಟ್ಟಳು. ಉಳಿದವರೂ ಇಟ್ಟರು. ನಲವತ್ತು ವರ್ಷದ ಮಾತು ಒಂದು ಮಧ್ಯಾಹ್ನದಲ್ಲಿ ಹೋಯಿತಲ್ಲ ಎಂದುಕೊಂಡ ಹುಚ್ಚೀರಪ್ಪ.

ಉಡಚಮ್ಮ ಗಾಡಿ ಹತ್ತಲಿಲ್ಲ. ಸೆರಗಿನ ಗಂಟು ಬಿಚ್ಚಿ ವೋಟಿನ ಚೀಟಿ ತೆಗೆದಳು.

"ಬುತ್ತಿ ಗಾಡ್ಯಾಗ ಇರಲಿ, ಗೋವಿಂದಣ್ಣ. ನಾಯಿ ಬರದಂಗ ನೋಡ್ಕೊ. ಎಂಟೂವರಿಗೆ ಬರ್ತೀವಂತ ಗದ್ದಿಯವರಿಗೆ ಹೇಳೀನಿ. ಮೊದಲ ಸಾಲಿಗೆ."

ಇಪ್ಪತ್ತೆಂಟು ಹೆಣ್ಣುಮಕ್ಕಳು ಶಾಲೆಯ ದಾರಿ ಹಿಡಿದರು. ಸರಕಾರದ ಕೈಯ ಬೀಗದ ಬಗ್ಗೆ ಅಷ್ಟು ಮಾತಾಡಿದ್ದ ಗೋವಿಂದರಾಜ ಇಪ್ಪತ್ತೆಂಟು ಬುತ್ತಿಗೆ ಕಾವಲು ಕೂತ. ಹುಚ್ಚೀರಪ್ಪ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಹೋಗಿ ಬರುವವರು ಕೇಳುತ್ತಲೇ ಇದ್ದರು, ಅವನು ಹೇಳುತ್ತಲೇ ಇದ್ದ. ಕೊಟ್ಟ ಮಾತು ನೆನೆದು ಅಲ್ಲಿಂದ ಏಳಲೇ ಇಲ್ಲ. ಸಂಜೆ ನಾಲ್ಕೂವರೆಗೆ ಮುದಕಮ್ಮ ಬಂದು, ನಾ ಇಲ್ಲಿ ಕುಂದರ್ತೀನಿ, ಕೇಳಿದವರಿಗೆ ನಾ ಹೇಳ್ತೀನಿ, ನೀವು ಹೋಗಿ ಬರ್ರಿ ಎಂದು ಹಲಗಿ ಕಿತ್ತುಕೊಂಡಳು. ಆ ವಾರ್ಡಿನಲ್ಲಿ ಕೊನೆಗೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡವನು ಹುಚ್ಚೀರಪ್ಪ.

ಮೂರು ದಿನ ಬಿಟ್ಟು ಆ್ಯಪಿನವರ ಉತ್ತರ ಬಂತು. ಸುಳ್ಳು ದನಿಯನ್ನು ಪರಿಶೀಲಿಸಿದ್ದೇವೆ, ತಪ್ಪೇನೂ ಕಂಡುಬಂದಿಲ್ಲ ಎಂದು ಬರೆದಿತ್ತು. ನೇತ್ರಾವತಿ ಓದಿ ಹೇಳಿದಾಗ ಹುಚ್ಚೀರಪ್ಪ ಒಂದೇ ಮಾತು ಕೇಳಿದ.

"ಕೆಳಗ ಯಾರ ಹೆಸರು ಐತಿ?"

"ಯಾರದೂ ಇಲ್ಲ, ಕಾಕಾ."

ನೇತ್ರಾವತಿ ಅಷ್ಟಕ್ಕೇ ಬಿಟ್ಟಿಲ್ಲ, ಮೇಲ್ಮನವಿ ಬರೆದಿದ್ದಾಳೆ. ಈ ಸಲ ಅದರ ಕೆಳಗೆ ಹುಚ್ಚೀರಪ್ಪನ ಸಹಿಯ ಜೊತೆ ಇಪ್ಪತ್ತೆಂಟು ಹೆಣ್ಣುಮಕ್ಕಳ ಹೆಸರೂ ಇದೆ. ಮೊದಲನೆಯದು ಉಡಚಮ್ಮನದು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾಳೆ ನಿಮ್ಮ ಫೋನಿಗೂ ನಿಮಗೆ ಗೊತ್ತಿರುವ ದನಿಯೊಂದು ಬರಬಹುದು. ದನಿ ಪರಿಚಯದ್ದು ಎಂಬ ಒಂದೇ ಕಾರಣಕ್ಕೆ ನಂಬಬೇಡಿ. ಯಾರ ಅಪ್ಪಣೆ ಎಂದು ಕೇಳಿ. ವೋಟಿನ ಸುದ್ದಿಯಾದರೆ ಚುನಾವಣಾಧಿಕಾರಿಯನ್ನೇ ಕೇಳಿ. ಸುಳ್ಳೆಂದು ತಿಳಿದರೆ ದೂರು ಕೊಡಿ. ನಿಮ್ಮ ನಿಜವಾದ ಮಾತನ್ನು ತೆಗೆದುಹಾಕಿದರೆ ಸುಮ್ಮನೆ ಕೂರಬೇಡಿ, ಯಾಕೆ ತೆಗೆದಿರಿ ಎಂದು ಕೇಳಿ. ಯುರೋಪಿನವರು ಕೇಳುತ್ತಿದ್ದಾರೆ, ನಮಗೇನು ಬಾಯಿಲ್ಲವೇ? ಇನ್ನು ನೀವೇ ಒಂದು ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೊದಲು ಕಟ್ಟೆಯ ಮೇಲಿನ ಹುಚ್ಚೀರಪ್ಪನನ್ನು ನೆನೆಯಿರಿ. ಆ ಸುದ್ದಿಯ ಪಕ್ಕದಲ್ಲಿ, ಕೇಳಿದವರಿಗೆ ಜವಾಬು ಕೊಡುತ್ತ, ಸಂಜೆ ಐದರ ತನಕ ನಿಲ್ಲುತ್ತೀರಾದರೆ ಕಳಿಸಿ. ನಿಲ್ಲಲಾರಿರಾದರೆ ಫೋನು ಕೆಳಗಿಡಿ.