ಕೊಕ್ಕರೆಗೆ ಕಾಲೂರಲು ಜಾಗ

ನಮ್ಮ ಅಪ್ಪ ಕರುಪ್ಪಯ್ಯನಿಗೆ ಇಬ್ಬರು ಹೆಣ್ಣುಮಕ್ಕಳು ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಒಬ್ಬಳು ನಾನು, ಅಳಗಮ್ಮಾಳ್. ಇನ್ನೊಬ್ಬಳು ನಮ್ಮೂರ ಕೆರೆ. ಇಬ್ಬರಲ್ಲಿ ಯಾರು ಹೆಚ್ಚು ಮುದ್ದು ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಯಾಕೆಂದರೆ ಉತ್ತರ ನನಗೆ ಗೊತ್ತಿತ್ತು.

ಕೆರೆಯ ಉಸ್ತುವಾರಿ ಅಪ್ಪನದು. ಅವನ ಮಾತಿಲ್ಲದೆ ಯಾರೂ ತೂಬಿಗೆ, ನಮ್ಮ ಬಾಯಲ್ಲಿ ಮಡೆಗೆ, ಕೈ ಹಾಕುವಂತಿರಲಿಲ್ಲ. ಬೆಟ್ಟದಾಚೆ ಬಿಳಿ ದೊರೆಗಳು ಅಣೆಕಟ್ಟು ಕಟ್ಟಿ, ಬೆಟ್ಟವನ್ನೇ ಕೊರೆದು, ನೀರನ್ನು ನಮ್ಮ ಕಂಬಂ ಕಣಿವೆಗೆ ತಿರುಗಿಸಿದ ಮರುವರ್ಷ ಅದು. ಐಪ್ಪಸಿ ತಿಂಗಳ ಮಳೆಯೂ ಸೇರಿಕೊಂಡು, ಅಪ್ಪನಿಗೆ ಬುದ್ಧಿ ಬಂದ ಮೇಲೆ ಮೊದಲ ಸಲ ಕೆರೆ ಕಟ್ಟೆಯ ಕುತ್ತಿಗೆವರೆಗೆ ತುಂಬಿತು. ಅಪ್ಪ ಬೆಳಗಾದರೆ ಹೋಗಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಊಟಕ್ಕೆ ಕರೆಯಲು ಹೋದರೆ, "ಇವ್ಳ ನೋಡಿದ್ರೇ ವಯ್ರು ತುಂಬ್ತದೆ ಪುಳ್ಳೆ, ನೀನು ಹೋಗು," ಅನ್ನುತ್ತಿದ್ದ.

ನಮ್ಮವರಲ್ಲಿ ಒಂದು ಪದ್ಧತಿ ಇತ್ತು. ಕಾರ್ತಿಕದಲ್ಲಿ ಕೆಂಪು ಕಾಲಿನ ಕೊಕ್ಕರೆಗಳು, ನಾವು ನಾರೆ ಅನ್ನುವವು, ಬರುತ್ತವಲ್ಲ, ಅವು ಹೆಣ್ಣಿನ ಊರಿನ ಕೆರೆಗೆ ಇಳಿದು ನಿಂತದ್ದನ್ನು ಗಂಡಿನ ತಾಯಿ ಕಣ್ಣಾರೆ ನೋಡಬೇಕು. ಆಮೇಲೆಯೇ ವೀಳ್ಯ ಬದಲಾಯಿಸುವುದು. ಹಾರಿಹೋಗುವುದನ್ನು ನೋಡಿದರೆ ಲೆಕ್ಕಕ್ಕಿಲ್ಲ. ಹಕ್ಕಿ ಕಾಲೂರಿದ ಊರಿನ ಹೆಣ್ಣು ಸೇರಿದ ಮನೆಯಲ್ಲಿ ಕಾಲೂರುತ್ತಾಳೆ ಎಂಬುದು ಹಿರಿಯರ ನಂಬಿಕೆ.

ಅವ್ವನ ತವರು ಕೊಂಬೈ. ಅಲ್ಲಿನ ಸೋದರಮಾವನ ಮಗ ಪಾಂಡಿ ನನಗೆ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ಮಾತು ಹಾಗಿರಲಿ, ನನಗೆ ಅವನು ಬೇಕೇ ಬೇಕಾಗಿತ್ತು. ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುವ ಗಂಡಸು ಸುಳ್ಳು ಹೇಳಲಾರ ಎಂದು ನಂಬಿದ್ದೆ. ಈಗ ಅರ್ಧ ಮಾತ್ರ ನಂಬುತ್ತೇನೆ.

ಕಾರ್ತಿಕ ಬಂತು, ಕೊಕ್ಕರೆಗಳೂ ತೇನಿಯ ಕಡೆಯಿಂದ ಸಾಲುಗಟ್ಟಿ ಬಂದವು. ಊರಿಗೆ ಊರೇ ಕಟ್ಟೆ ಹತ್ತಿತು. ಅವು ಕೆರೆಯ ಮೇಲೆ ಸುತ್ತು ಹೊಡೆದವು, ಕುತ್ತಿಗೆ ಬಗ್ಗಿಸಿ ನೋಡಿದವು, ಮತ್ತೆ ಮೇಲೇರಿ ಪಡುವಣಕ್ಕೆ ಹೊರಟೇಹೋದವು. ಮರುದಿನವೂ ಅದೇ ಕತೆ. ಕೆರೆಯಲ್ಲಿ ಉಳಿದದ್ದು ನೀರುಕಾಗೆಗಳ ಒಂದು ದೊಡ್ಡ ಹಿಂಡು, ಇದ್ದಿಲಿಗಿಂತ ಕಪ್ಪು.

ಆ ಹೊತ್ತಿಗೇ ಸರಿಯಾಗಿ ಪಾಂಡಿಯ ತಾಯಿ ಕಾಮಾಕ್ಷಿಯಮ್ಮಾಳ್ ಅತ್ತೆ ಗಾಡಿ ಕಟ್ಟಿಸಿಕೊಂಡು ಬಂದಳು. ಗಾಡಿ ಹೊಡೆದವನು ಪಾಂಡಿಯೇ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಕೆರೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಏನಣ್ಣಾ, ಕೊಳದ ತುಂಬ ಕಾಗೆ ಸಾಕ್ಕಂಡಿದೀಯಾ?" ಅಂದಳು ಅಪ್ಪನಿಗೆ. "ನಾರೆ ನಿಲ್ಲದ ಊರಿಂದ ನಾನು ಹೆಣ್ಣು ತರಕ್ಕಿಲ್ಲ. ಕಾರ್ತಿಗೆ ಕಡೇ ವೆಳ್ಳಿಕ್ಕೆಳಮೆ ಮತ್ತೆ ಬತ್ತೀನಿ. ಅವತ್ತೂ ಹಿಂಗೇ ಇದ್ರೆ, ಬೋಡಿಲಿ ನಮ್ಮಣ್ಣನ ಮಗಳು ಅವ್ಳೆ."

ಪಾಂಡಿ ಎತ್ತಿನ ಕೊರಳು ತುರಿಸುತ್ತ ನನ್ನ ಕಡೆ ನೋಡಿದ. ಆ ದಿನ ಅವನು ನಗಲಿಲ್ಲ.

ಅಪ್ಪ ಮಾರಿಯಮ್ಮನಿಗೆ ತೆಂಗಿನಕಾಯಿ ಒಡೆದ. ಆಮೇಲೆ ಅವನ ತಲೆಗೆ ಹೊಳೆದದ್ದು ನೋಡಿ: ಹಕ್ಕಿ ಇಳಿಯುತ್ತಿಲ್ಲ ಎಂದರೆ ನೀರು ಸಾಲದು! ಹುಟ್ಟಿದಾಗಿನಿಂದ ನೀರಿಗೆ ಬಾಯಿಬಿಟ್ಟವರಿಗೆ ಬೇರೇನು ತಾನೆ ಹೊಳೆದೀತು? ಊರಿನವರೂ ಹೌದು ಹೌದು ಎಂದು ತಲೆಯಾಡಿಸಿದರು. ಎಲ್ಲರೂ ಸೇರಿ ಕೋಡಿಗೆ ಹುಲ್ಲುಹೆಂಟೆ ಪೇರಿಸಿ ಇನ್ನೊಂದು ಗೇಣು ನೀರು ನಿಲ್ಲಿಸಿದರು. ನೀರುಕಾಗೆಗಳಿಗೆ ಹಬ್ಬವಾಯಿತು.

ನಾನು ಹುಲ್ಲು ಕೊಯ್ಯಲು ಕೊಂಬೈ ದಾರಿಯ ಕಡೆ ಹೋದವಳು ಅವನ್ನು ಕಂಡೆ. ನಾಟಿಗೆಂದು ಉತ್ತು ನೀರು ಕಟ್ಟಿದ್ದ ಗದ್ದೆಯಲ್ಲಿ ನಮ್ಮ ಕೊಕ್ಕರೆಗಳೆಲ್ಲ ನಿಂತಿದ್ದವು. ಮಂಡಿ ಮುಳುಗದಷ್ಟು ನೀರು, ಕೆಳಗೆ ಕೆಸರು. ಕಪ್ಪೆ ಹೆಕ್ಕುತ್ತ, ಒಂದೊಂದೇ ಕಾಲೆತ್ತಿ ಇಡುತ್ತ, ಅತ್ತೆಯ ಹಾಗೆಯೇ ಬಿಂಕದಿಂದ ತಿರುಗಾಡುತ್ತಿದ್ದವು. ನನಗೆ ನನ್ನ ಮೇಲೇ ಸಿಟ್ಟು ಬಂತು. ಕೊಕ್ಕರೆಗೆ ಬಾತಿನ ಹಾಗೆ ತೇಲಲು ಬರುತ್ತದೆಯೇ? ಕಟ್ಟೆಯ ಅಂಚಿನವರೆಗೂ ನೀರು ತುಂಬಿದ ಕೆರೆಯಲ್ಲಿ ಅದು ಕಾಲಿಡುವುದಾದರೂ ಎಲ್ಲಿ? ಹುಲ್ಲಿನ ಹೊರೆ ಅಲ್ಲೇ ಬಿಟ್ಟು ಮನೆಗೆ ಓಡಿದೆ.

"ಅಪ್ಪಾ, ನೀರು ಸಾಲ್ದೆ ಅಲ್ಲ, ಹೆಚ್ಚಾಗಿ ಹೋಗ್ತಾವೆ. ನಿಲ್ಲಕ್ಕೆ ಜಾಗ ಇಲ್ಲೆ ಅವಕ್ಕೆ. ಮಡೆ ತೆಗಿ."

ಅಪ್ಪನ ಮುಖ ನೋಡಬೇಕಿತ್ತು. "ಮಡೆ ತೆಗೆಯೋದಾ? ತುಂಬಿದ ಕೊಳ ನೋಡ್ದೆನೇ ನಮ್ಮಪ್ಪ ಕಣ್ಣು ಮುಚ್ಚಿದ. ನಾನು ಈಗ ನೋಡ್ತಾವ್ನಿ. ಒಂದು ಹಕ್ಕಿಗೋಸ್ಕರ ಬಿಟ್ಟುಬಿಡ್ಲಾ?"

"ಹಕ್ಕಿಗೋಸ್ಕರಾನಾ? ಸರಿ, ಆ ತಾಲಿಯ ನಿನ್ನ ಕೊಳಕ್ಕೇ ಕಟ್ಟಿಸು. ನಿಂಗೆ ಅವ್ಳೊಬ್ಳೇ ಸಾಕು!"

ಅವ್ವ ಒಲೆಯ ಮುಂದೆ ನಗು ತಡೆಯಲಾರದೆ ಸೆರಗು ಕಚ್ಚಿದಳು. ಅಪ್ಪ ಸಜ್ಜೆಯ ಕಂಬು ಕೂಳು ಮುಟ್ಟದೆ ಎದ್ದುಹೋದ. ನನಗೆ ಬೇಸರವಾಯಿತು, ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಜಾತಿ ನನ್ನದಲ್ಲ.

ಬೆಳಿಗ್ಗೆ ಕೊಡ ಹಿಡಿದು ಕೆರೆಗೆ ಹೋದರೆ, ತೂಬಿನ ಕಲ್ಲುಕಂಬದ ಪಕ್ಕ ಅಪ್ಪನ ತಲೆ ಮಾತ್ರ ಕಾಣುತ್ತಿತ್ತು. ಉಸಿರು ಬಿಗಿಹಿಡಿದು ಮುಳುಗಿದ. ತೂಬಿಗೆ ಜಡಿದ ಮರದ ಬೆಣೆಯನ್ನು ಕಿತ್ತು ಎದ್ದ. ಕಟ್ಟೆಯಾಚೆ ಕಾಲುವೆಯಲ್ಲಿ ನೀರು ಭೋರೆಂದಿತು. ದಡಕ್ಕೆ ಬಂದವನ ಕಣ್ಣು ಕೆಂಪಾಗಿತ್ತು.

"ಕಣ್ಣಿಗೆ ನೀರು ಹೋಗಿ ಹಿಂಗಾಗೈತೆ," ಅಂದ. ಯಾಕೆಂದು ನಾನು ಕೇಳಿರಲೇ ಇಲ್ಲ. ಅಪ್ಪನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆ ಯಾವತ್ತೂ ಉಕ್ಕಿರಲಿಲ್ಲ.

ಒಳಹರಿವಿನ ಕಾಲುವೆಗೂ ಅವನೇ ಮಣ್ಣು ಅಡ್ಡ ಹಾಕಿದ. ದಿನದಿನಕ್ಕೆ ನೀರು ಇಳಿದು, ಮೂಡಣ ಅಂಚಿನಲ್ಲಿ ಕರಿ ಕೆಸರು ಕಾಣಿಸಿಕೊಂಡಿತು.

ಹೇಳಿದ ಶುಕ್ರವಾರ ಅತ್ತೆ ಪಾಂಡಿಯ ಗಾಡಿಯಲ್ಲೇ ಬಂದಳು. ಕೆಸರಿತ್ತು, ಕೊಕ್ಕರೆ ಇರಲಿಲ್ಲ. ನೀರುಕಾಗೆಗಳು ಕೂಡ ಮುನಿಸಿಕೊಂಡು ಹೋಗಿದ್ದವು. ಅವ್ವ ಕೊಟ್ಟ ಎಲೆ ಅಡಿಕೆ ಅಗಿದು ಮುಗಿಸಿ ಅತ್ತೆ ಎದ್ದೇಬಿಟ್ಟಳು. ನನಗೆ ಅಳು ಬಂತು.

"ಅವ್ವಾ, ಚಕ್ರದ ಕಡಾಣಿ ಕಾಣಿಲ್ಲೆ," ಅಂದ ಪಾಂಡಿ. "ಬರೋ ದಾರೀಲಿ ಬಿದ್ದೋಗೈತೆ. ಗಾಡಿ ಹೊರಟ್ರೆ ಚಕ್ರ ಕಳಚ್ಕಂತದೆ."

ಅತ್ತೆ ಅವನ ಜನ್ಮ ಜಾಲಾಡುತ್ತ ಕಟ್ಟೆಯ ಮೇಲೆ ಕೂತಳು. ಪಾಂಡಿ ದಾರಿಯುದ್ದಕ್ಕೂ ಬಗ್ಗಿ ಬಗ್ಗಿ ಹುಡುಕಿದ. ಬಿಸಿಲು ಏರಿತು. ಆಗ ಪಡುವಣದಿಂದ ಒಂದೇ ಒಂದು ಕೊಕ್ಕರೆ ಬಂದು, ಸುತ್ತು ಹೊಡೆದು, ಕಾಲು ಚಾಚಿ ಕೆಸರಿಗಿಳಿಯಿತು. ಒಂದು ಹೆಜ್ಜೆ ಇಟ್ಟು ನೋಡಿತು. ಹಿಂದೆಯೇ ಅದರ ಬಳಗವೆಲ್ಲ ಇಳಿಯಿತು. ಊರು ಕೂಗಿದ ಕೂಗಿಗೆ ಅವು ಮತ್ತೆ ಹಾರಿಹೋಗದೆ ಇದ್ದದ್ದು ನನ್ನ ಪುಣ್ಯ.

"ನಿಂತ್ವು, ನಿಂತ್ವು!" ಅತ್ತೆಯೇ ಎಲ್ಲರಿಗಿಂತ ಜೋರಾಗಿ ಕೂಗಿ, ನನ್ನ ಕೆನ್ನೆ ಹಿಂಡಿದಳು. "ವೀಳ್ಯ ತನ್ನಿ!"

ಕಡಾಣಿ ಪಾಂಡಿಯ ಸೊಂಟದಲ್ಲೇ, ಪಂಚೆಯ ಮಡಿಕೆಯಲ್ಲೇ ಇತ್ತು. ಮದುವೆಯಾದ ಮೇಲೆ ಹೇಳಿದ, ಕಣ್ಣು ಪೂರ್ತಿ ಮುಚ್ಚಿ ನಗುತ್ತ.

ಮರುವರ್ಷ ಕಾರ್ತಿಕದಲ್ಲಿ ಅಪ್ಪ ಕೊಂಬೈಗೆ ಹೇಳಿಕಳಿಸಿದ, ನಾರೆ ಬಂದೈತೆ, ಪುಳ್ಳೆ ಬಂದು ನೋಡ್ಕಂಡು ಹೋಗ್ಲಿ ಅಂತ. ಹೋದೆ. ಮಳೆ ಚೆನ್ನಾಗಿ ಹೊಡೆದ ವರ್ಷ. ಆದರೂ ಕೆರೆಯ ಮೂಡಣ ಅಂಚಿನಲ್ಲಿ ಕೆಸರು, ಕೆಸರಿನ ತುಂಬ ಕೊಕ್ಕರೆ. ತೂಬು ತೆರೆದೇ ಇತ್ತು.

"ಈ ವರ್ಷ ಊರಲ್ಲಿ ಯಾರ ಮದುವೆ ಅಪ್ಪಾ?" ಅಂದೆ.

"ಯಾರ್ದೂ ಇಲ್ಲೆ," ಅಂದ ಅಪ್ಪ, ಕೆರೆಯ ಕಡೆ ನೋಡದೆ ನನ್ನನ್ನೇ ನೋಡುತ್ತ. "ಅವು ಬಂದ್ರೆ ತಾನೆ ನಿನ್ನ ಕರೆಯಕ್ಕೆ ಒಂದು ನೆಪ ಸಿಕ್ಕೋದು?"